ಬೀರುವಿನ ಗ್ಲೌಸ್

ಕ್ಲಿನಿಕ್ಕಿನ ಕಸ ತೆಗೆಯುವ ದೇವೀರಮ್ಮ ಗ್ಲೌಸ್ ಕೇಳಿದಾಗಲೆಲ್ಲ ಮ್ಯಾನೇಜರ್ ಬೀರುವಿನ ಕಡೆ ಬೆರಳು ತೋರಿಸುತ್ತಿದ್ದರು.

"ಅಲ್ಲೇ ಇದಾವಲ್ಲಮ್ಮ. ಇನ್‌ಸ್ಪೆಕ್ಷನ್‌ನೋರು ಬಂದಾಗ ಹೊಸದಾಗೇ ಕಾಣ್ಬೇಕು."

ಒಂದು ಬೆಳಿಗ್ಗೆ ತನ್ನ ಬಳಿಯಿದ್ದ ಕೀಯಿಂದ ಕ್ಲಿನಿಕ್ಕಿನ ಬಾಗಿಲು ತೆಗೆದು, ಕಸದ ಚೀಲಕ್ಕೆ ಗಂಟು ಹಾಕುವಾಗ, ಯಾರೋ ಎಸೆದಿದ್ದ ಇಂಜೆಕ್ಷನ್ ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಸೆರಗಿನಲ್ಲಿ ರಕ್ತ ಒರೆಸಿಕೊಳ್ಳುತ್ತ ಮ್ಯಾನೇಜರ್ ಮುಂದೆ ನಿಂತು ಸೂಜಿ ಚುಚ್ಚಿದ್ದನ್ನು ಹೇಳಿದಳು.

"ಯಾವ ಪೇಷಂಟಿಗೆ ಚುಚ್ಚಿದ ಸೂಜಿ?"

"ಕಸದಲ್ಲಿ ಬಿದ್ದಿತ್ತು ಸಾರ್, ನಂಗೆಂಗೆ ಗೊತ್ತಾಯ್ತದೆ. ಡಾಕ್ಟರಿಗೆ ಹೇಳಿ ಏನಾರ ಔಷಧಿ ಕೊಡ್ಸಿ."

ಮ್ಯಾನೇಜರ್ ಎದ್ದು ಹೋಗಿ ಬೀರು ತೆರೆದರು, ಹೊಸ ಗ್ಲೌಸಿನ ಪ್ಯಾಕೆಟ್ ಹರಿದರು. ಈಗಲಾದರೂ ಮನಸ್ಸು ಬಂತಲ್ಲ ಎಂದು ದೇವೀರಮ್ಮ ಕೈ ಚಾಚಿದಳು.

ಅವರು ಗ್ಲೌಸನ್ನು ತಮ್ಮ ಕೈಗೇ ಹಾಕಿಕೊಂಡು ಹೇಳಿದರು: "ಬಾಗಿಲ ಕೀ ಇಲ್ಲಿ ಕೊಡಮ್ಮ. ನಾಳೆಯಿಂದ ಬರೋದು ಬೇಡ."