ಹೋಗು ಅಂದದ್ದು ಯಾರು

ಕೆಲವು ದಿನದಿಂದ ವಠಾರದಲ್ಲಿ ಬಂದು ಉಳಿದಿದ್ದ ಜಯಮಾಲಾ ಹೆಗಲಿನ ಚೀಲವನ್ನೂ ಇಳಿಸದೆ ಬಂದು ನಾಗರತ್ನಾಳ ಕಾಲು ಮುಟ್ಟಿದಳು.

"ಹೊಂಟೀನವ್ವಾ. ಸಂಜಿ ಬಸ್ಸಿಗಿ ಟಿಕೀಟ ಆಗ್ಯದ. ನೀ ಹೋಗು ಅಂದಿ, ಹೊಂಟೀನಿ."

ರೊಟ್ಟಿ ಬಡಿಯುತ್ತಿದ್ದ ನಾಗರತ್ನಾ ಹಿಟ್ಟಿನ ಕೈಯಲ್ಲೇ ಎದ್ದಳು. "ಎಲ್ಲಿಗಿ?"

"ಮತ್ತೆಲ್ಲಿಗಿ, ಗಂಡನ ಮನಿಗಿ."

ಕಳೆದ ಮಂಗಳವಾರ ವಠಾರದ ನಲ್ಲಿಯ ಹತ್ತಿರ ನಾಗರತ್ನಾಳಿಗೆ ಮತ್ತೆ ಅದು ಬಂದಿತ್ತು. ಎದೆ ಡವಗುಟ್ಟಿ, ಕೈಕಾಲು ನಡುಗಿ, ಈಗಲೇ ಪ್ರಾಣ ಹೋಯಿತು ಅನ್ನಿಸುವ ಅದು. ಮೊದಲು ಅವಳು ನೆಲ ಒರೆಸುವ ಟೆಕ್ ಪಾರ್ಕಿನ ಲಿಫ್ಟಿನಲ್ಲಿ ಮಾತ್ರ ಬರುತ್ತಿತ್ತು; ಈಗ ಎಲ್ಲೆಂದರಲ್ಲಿ. ಪಕ್ಕದ ಮನೆಯ ಆಂಜನಮ್ಮ ಮಾತ್ರ ಅದನ್ನು ಕಂಡ ದಿನವೇ ಎಲ್ಲಮ್ಮ ಮೈಮೇಲೆ ಬಂದಿದ್ದಾಳೆಂದು ಸಾರಿಬಿಟ್ಟಿದ್ದಳು. ಆ ಮಂಗಳವಾರವೂ ಅರಿಶಿನದ ನೀರು ಚಿಮುಕಿಸಿ, ಹಣೆ ತುಂಬ ಕುಂಕುಮ ಬಳಿದು, ಹೆಂಗಸರನ್ನೆಲ್ಲ ಕರೆದು ಸುತ್ತ ಕೂರಿಸಿದಳು. ಜಯಮಾಲಾ ಕಾಲ ಮೇಲೆ ಬಿದ್ದು ಏನೋ ಕೇಳಿದ್ದು ನಾಗರತ್ನಾಳಿಗೆ ಮಸುಕು ಮಸುಕು. ಉಸಿರು ಸಿಗದೆ ತಾನು "ಹೋಗು, ಹೋಗು" ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಗಾಳಿ ಬೇಕಾಗಿತ್ತು, ಅಷ್ಟೆ.

ಜಯಮಾಲಾಳ ಮುಂಗೈ ಮೇಲೆ ಸೌಟಿನ ಅಗಲದ ಸುಟ್ಟ ಗುರುತು ಇನ್ನೂ ಕೆಂಪಾಗಿತ್ತು. ಅದನ್ನು ಹಾಕಿದವನ ಹತ್ತಿರಕ್ಕೇ ಅವಳೀಗ ಹೊರಟಿದ್ದಳು.

ಎಲ್ಲಮ್ಮನ ಪಟದ ಹಿಂದೆ ಒಂದು ಗುಳಿಗೆ ಪೊಟ್ಟಣವಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಎದೆಯಲ್ಲಿ ಏನೂ ದೋಷವಿಲ್ಲ ಅಂದು, ಬೆಳಗಾದರೆ ಯಾಕಾದರೂ ಎದ್ದೆನೋ ಅನ್ನಿಸುತ್ತದೆಯೇ ಎಂದು ಮೆಲ್ಲಗೆ ಕೇಳಿದಾಗ ನಾಗರತ್ನಾ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಿದ್ದಳು. ದಿನಾ ಊಟ ಆದ ಮೇಲೆ ಒಂದು ಗುಳಿಗೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನಡುವೆ ಬಿಡಬಾರದು, ಅಂದಿದ್ದರು. ಗಂಡ ಜಟ್ಟೆಪ್ಪ ಡಾಕ್ಟರಿಗೂ ಕೈ ಮುಗಿದ, ಮನೆಗೆ ಬಂದು ಪಟಕ್ಕೂ ಕೈ ಮುಗಿದ; ನುಂಗು ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ತಾಯಿಯೇ ಏನಾದರೂ ಹೇಳಲಿ ಎಂದು ನಾಗರತ್ನಾ ಪೊಟ್ಟಣವನ್ನು ಅವಳ ಬೆನ್ನಿಗೆ ಇಟ್ಟಿದ್ದಳು. ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಪಾಯಖಾನೆ ತೊಳೆಯುವವಳನ್ನು ಈ ಊರಲ್ಲಿ ಅವ್ವಾ ಅಂದವರು ವಠಾರದ ಈ ಹೆಂಗಸರೇ ಮೊದಲು.

"ಜಯಾ, ಆವತ್ತು ಮಾತಾಡಿದಾಕಿ ತಾಯಿ ಅಲ್ಲ," ಅಂದಳು ನಾಗರತ್ನಾ. "ನಂಗ ಉಸಿರು ಕಟ್ಟಿತ್ತು. ಸರಕೊಂಡು ಹೋಗ್ರಿ ಅಂದೆ."

ಬಾಗಿಲಲ್ಲಿ ನಿಂತಿದ್ದ ಆಂಜನಮ್ಮ ಒಳಗೆ ಬಂದಳು. "ಅಯ್ಯೋ, ಏನ್ ಮಾತಾಡ್ತಿದೀಯೆ? ತಾಯಿ ನುಡಿದಿದ್ದು ನಿಂಗೆ ಹೆಂಗೆ ಗೊತ್ತಾಗುತ್ತೆ? ನೀನೇ ಅಲ್ಲಿ ಇರಲ್ವಲ್ಲ."

"ನಾ ಅಲ್ಲೇ ಇದ್ದೆನ್ರಿ. ಸಾಯ್ತೀನಂತ ಹೆದರಿಕೊಂಡು ಅಲ್ಲೇ ಕುಂತಿದ್ದೆ."

ಮೇಲೆ ವಿಮಾನವೊಂದು ತಗಡು ಅದುರುವ ಹಾಗೆ ಹಾದುಹೋಯಿತು.

ನಾಗರತ್ನಾಳ ಊರಲ್ಲಿ ಅವಳ ಅಜ್ಜಿಯ ಮೈಮೇಲೆ ತಾಯಿ ಬರುತ್ತಿದ್ದಳು. ಇಳಿದ ಮೇಲೆ ಅಜ್ಜಿ ಹೊಳೆಯಲ್ಲಿ ಮಿಂದು ಬಂದವಳ ಹಾಗೆ ಹಗುರಾಗಿ ನಗುತ್ತಿದ್ದಳು. ಹಸಿವಾಗ್ಯದ, ಏನರೆ ಕೊಡ್ರೇ ಅನ್ನುತ್ತಿದ್ದಳು. ಅಜ್ಜಿಗೆ ಒಂದು ದಿನವೂ ಹೆದರಿಕೆ ಆದದ್ದಿಲ್ಲ. ಮಕ್ಕಳ ಮೇಲೆ ಬರುವ ತಾಯಿ ಮಕ್ಕಳನ್ನು ಯಾಕೆ ಹೆದರಿಸುತ್ತಾಳೆ? ಇಷ್ಟು ದಿನ ಈ ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲವೋ, ಹೊಳೆದರೂ ಪಕ್ಕಕ್ಕೆ ಸರಿಸಿದ್ದೆನೋ, ಅವಳಿಗೇ ತಿಳಿಯಲಿಲ್ಲ.

ಅವಳು ಕೈ ತೊಳೆದು ಬಂದಳು. ಪಟಕ್ಕೆ ಹಣೆ ಹಚ್ಚಿ, "ಅವ್ವಾ, ನಿನ್ನ ಹೆಸರಿಲೆ ತಪ್ಪು ನಡದದ," ಅಂದು ಪೊಟ್ಟಣ ತೆಗೆದಳು.

"ಆ ಮಾತ್ರೆ ನುಂಗಿದ್ರೆ ತಾಯಿ ಮುನಿಸ್ಕೊಂಡು ಹೊರಟೋಗ್ತಾಳೆ ಕಣೆ," ಅಂದಳು ಆಂಜನಮ್ಮ. "ಬರೋ ಮಂಗಳವಾರ ಕಗ್ಗದಾಸಪುರದಿಂದ ಜನ ಬರ್ತಾರೆ. ನಾನೇನ್ ಹೇಳ್ಲಿ ಅವ್ರಿಗೆ?"

"ತಾಯಿ ಗುಡಿಯಾಗ ಅದಾಳ, ಅಲ್ಲೇ ಹೋಗ್ರಿ ಅಂತ ಹೇಳ್ರಿ. ನಾಗರತ್ನಾಗ ಹುಷಾರಿಲ್ಲ ಅನ್ರಿ."

ಅವಳು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು ನೆಲಕ್ಕೆ ಕೂತಳು. ನೀರು ಕುಡಿದು ಕುಡಿದು ತುತ್ತು ಇಳಿಸಿದಳು. ಇಬ್ಬರೂ ನೋಡುತ್ತಲೇ ಇದ್ದರು. ಅರ್ಧ ರೊಟ್ಟಿ ಮುಗಿದ ಮೇಲೆ ಗುಳಿಗೆಯನ್ನು ಪೊಟ್ಟಣದಿಂದ ಒತ್ತಿ ತೆಗೆದು, ನಾಲಗೆಯ ಮೇಲಿಟ್ಟು ನುಂಗಿದಳು. ಏನೂ ಆಗಲಿಲ್ಲ. ಪಟದೊಳಗಿನ ತಾಯಿ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದಳು. ಆಂಜನಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಕೊನೆಗೆ ತಾನೇ ಹೋಗಿ ಅವಳ ಬರಿದಾದ ಲೋಟಕ್ಕೆ ನೀರು ತುಂಬಿಸಿ ತಂದಳು.

ಜಯಮಾಲಾಳ ಹೆಗಲಿನಿಂದ ಚೀಲ ಮೊಣಕೈಗೆ ಜಾರಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ಇತ್ತು.

"ಹಂಗಾದ್ರ ನಾ ಈಗ ಯಾರ್ನ ಕೇಳ್ಲಿ?"

"ನನ್ನ ಕೇಳು," ಅಂದಳು ನಾಗರತ್ನಾ.

ಇಷ್ಟು ದಿನ ಈ ಹೆಂಗಸಿನ ಪಾದ ನೋಡಿ ಮಾತಾಡುತ್ತಿದ್ದ ಜಯಮಾಲಾ ಈಗ ಅವಳೆದುರು ಕೂತು ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪು, ಗಲ್ಲದ ಮೇಲೆ ಒಂದಿಷ್ಟು ಜೋಳದ ಹಿಟ್ಟು.

"ಹೋಗ್ಲೇನಕ್ಕಾ?"