ಒಳಸರಿದ ಗೋಡೆ

ಪಕ್ಕದವರ ಮನೆ ನೋಡಿ ಹೊಟ್ಟೆ ಉರಿದರೆ ಸ್ವಂತ ಮನೆಯ ಗೋಡೆ ಗೇಣುದ್ದ ಒಳಸರಿಯುವುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

“ಇವತ್ತೂ ಸರೋಜಿನಿಯ ಹೊಸ ಮನೆ ನೋಡಿ ಬಂದದ್ದಾ ಮಾರಾಯ್ತಿ? ಗೋಡೆ ನನ್ನ ಮೂಗಿಗೇ ಬಂತಲ್ಲ!” ಎಂದ, ಹಾಸಿಗೆ ಹಿಡಿದಿದ್ದ ಇಮ್ಮಾನುವೇಲ.

ಇನ್ನೊಂದು ಗೇಣು ಸರಿದರೆ ಗಂಡನ ಮಂಚ ಅಂಗಳಕ್ಕೆ. ಎಸ್ತೇರಮ್ಮ ಸೆರಗು ಬಿಗಿದು, ಸರೋಜಿನಿಯ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗಿ, ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಪ್ರಾರ್ಥನೆ ತಾನೇ ಮಾಡುತ್ತೇನೆಂದು ಎದ್ದು ನಿಂತಳು.

“ಕರ್ತನೇ, ಇವಳ ಮನೆಗಾಗಿ ಸ್ತೋತ್ರ.” ತುಟಿ ಮಾತ್ರ ಅಂದಿತು; ಆಚೆ ತನ್ನ ಗೋಡೆ ಕಿರುಗುಟ್ಟಿದ್ದು ಕೇಳಿಸಿತು. ಕಣ್ಣು ತೆರೆಯದೆ ಮತ್ತೆ ಅಂದಳು. ಅಡುಗೆಮನೆಗಾಗಿ ಅಂದಳು, ಬಿಸಿನೀರಿನ ನಲ್ಲಿಗಾಗಿ ಅಂದಳು. ಕಿರುಗುಟ್ಟುವುದು ನಿಂತಿತು.

“ಎಸ್ತೇರಕ್ಕಾ, ಸಾಕು, ಚಹಾ ಆರ್ತದೆ,” ಎಂದಳು ಸರೋಜಿನಿ.

“ಆರಲಿ. ನಿನ್ನ ಮಹಡಿ ಇನ್ನೂ ಬಾಕಿ ಉಂಟು.”