ಕಾಗೆ ಮುಟ್ಟದ ಅಕ್ಕಿ

ವೈದೇಹಮ್ಮನ ಗಂಡ, ಭತ್ತದ ವಿಜ್ಞಾನಿ ಚಕ್ರಪಾಣಿಯವರ ತಿಥಿಯಲ್ಲಿ ಪಿಂಡ ಇಟ್ಟು ಎಷ್ಟು ಹೊತ್ತಾದರೂ ಕಾಗೆ ಕಾಂಪೌಂಡಿನಿಂದ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಹುಳ ಹಿಡಿಯದ, ಇಲಿ ಮೂಸದ, ಹಕ್ಕಿ ಕೊಕ್ಕಿಡದ, ಪಿಂಡಕ್ಕೂ ಬಳಸಿದ್ದ ಆ ಪೌಷ್ಟಿಕ ತಳಿಯನ್ನು ಸೃಷ್ಟಿಸಿ ನಾಡಿಗೆಲ್ಲ ಉಣ್ಣಿಸಿದವರು ಅವರೇ! ಈಗೀಗ ಎಲ್ಲರ ಮನೆಯಲ್ಲೂ ಪುರೋಹಿತರು ದರ್ಭೆಯ ಕಾಗೆ ಮಾಡಿ, ಪಿಂಡಕ್ಕೆ ಮುಟ್ಟಿಸಿ ಮುಗಿಸುತ್ತಿದ್ದರು.

ಶಿಷ್ಯ ಮುರಾರಿ ಮಾತ್ರ ಅದಕ್ಕೆ ಒಪ್ಪದೆ, "ಇನ್ನೂ ಗಟ್ಟಿ ತಳಿ ತರ್ತೀವಿ, ಬನ್ನಿ ಸಾರ್," ಎಂದು ಕಾಗೆಗೆ ಕೈಮುಗಿದ. ಕಾಗೆ ಮುಖ ತಿರುಗಿಸಿತು.

ಹಸಿದು ಕೂತ ನೆಂಟರನ್ನು ನೋಡಲಾಗದೆ ವೈದೇಹಮ್ಮ ಒಳಗೆ ಹೋಗಿ, ಬಚ್ಚಿಟ್ಟಿದ್ದ ಹಳೆಯ ನಾಟಿ ತಳಿಯಾದ ರಾಜಮುಡಿ ಅಕ್ಕಿಯಿಂದ ಅನ್ನ ಮಾಡಿ ತಂದಿಟ್ಟರು. ಕಾಗೆ ಎರಗಿತು.

"ಸಾರ್‌ಗೆ ಏನು ಆಸೆ ಉಳಿದಿತ್ತಮ್ಮಾ?" ಎಂದ ಮುರಾರಿ.

"ಆಸೆ ಏನಿಲ್ಲಪ್ಪ. ಬದುಕಿದ್ದಾಗ್ಲೂ ಅವ್ರು ತಮ್ಮ ಅಕ್ಕೀನ ಬಾಯಿಗಿಟ್ಟೋರಲ್ಲ."